ಸಿರವಾರದ ಬಿಸಿಲಲ್ಲಿ ಜವಾರಿ ತತ್ತಿ ಮರಿ ಮಾಡಿಸುವ ಬಗೆ

ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ, ದೇವದುರ್ಗದ ಕಡೆ ಕೋಳಿ ಸಾಕಿ ಪಳಗಿದವರು ಏಪ್ರಿಲ್, ಮೇ ತಿಂಗಳಲ್ಲಿ ಕೋಳಿಯನ್ನು ಕಾವಿಗೆ ಕೂಡಿಸಲು ಹಿಂದೆಮುಂದೆ ನೋಡುತ್ತಾರೆ. ಕೇಳಿದರೆ ‘ಬ್ಯಾಸಗ್ಯಾಗ ತತ್ತಿ ಕೆಡ್ತಾವ’ ಅನ್ನುತ್ತಾರೆ. ಮಾತು ಸರಿಯಾಗಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ತತ್ತಿಯೊಳಗಿನ ಜೀವ ನಿಧಾನಕ್ಕೆ ಬೆಳೆಯತೊಡಗುತ್ತದೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ. ಗೂಡಲ್ಲಿ ಬಿದ್ದ ತತ್ತಿ ಅರೆಬರೆ ಬೆಳೆದು, ಕೋಳಿ ಕಾವಿಗೆ ಕೂಡುವ ಮೊದಲೇ ಒಳಗೆ ಸತ್ತಿರುತ್ತದೆ. ಹೊಸಬರು ‘ಯಾವ ಇನ್‌ಕ್ಯುಬೇಟರ್ ಒಳ್ಳೇದು?’ ಎಂದೇ ಮಾತು ಶುರುಮಾಡುತ್ತಾರೆ. ಮೊದಲು ಕೇಳಬೇಕಾದದ್ದು ತತ್ತಿ ಎಲ್ಲಿಟ್ಟಿದ್ದೀರಿ, ಎಷ್ಟು ದಿನದ್ದು ಎಂದು.

ಹಂತ 1: ಹುಂಜ ಮತ್ತು ಹ್ಯಾಟೆ

ಎಂಟು–ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಎರಡು ಹುಂಜ ಬಿಟ್ಟರೆ ಅವುಗಳ ಜಗಳದಲ್ಲೇ ದಿನ ಹೋಗುತ್ತದೆ. ಒಂದೇ ತಾಯಿಯ ಮರಿಗಳಲ್ಲೇ ಹುಂಜ, ಹ್ಯಾಟೆ ಉಳಿಸಿಕೊಂಡು ವರ್ಷಗಟ್ಟಲೆ ಸಾಕಿದರೆ ತತ್ತಿಗೆ ಮರಿಯಾಗುವ ಕಸುವು ಇಳಿಯುತ್ತದೆ. ಆದ್ದರಿಂದ ಕವಿತಾಳದ ಕಡೆಯೋ ಮಲ್ಲಟದ ಕಡೆಯೋ ಬೀಗರ ಮನೆಯಿಂದ ಹುಂಜ ಬದಲಿ ಮಾಡಿಕೊಳ್ಳಿ. ಹೊಸ ಹುಂಜ ಬಿಟ್ಟ ಮೇಲೆ ಎರಡು ವಾರ ತಡೆದು, ಆಮೇಲಿನ ತತ್ತಿಯನ್ನೇ ಮರಿಗೆ ಎತ್ತಿಡಿ.

ಕಿರಾಣಿ ಅಂಗಡಿಯ ಬಿಳಿ ಫಾರಂ ತತ್ತಿ ತಂದು ಕಾವಿಗಿಡುವವರೂ ಇದ್ದಾರೆ. ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. 21 ದಿನವಲ್ಲ, 21 ತಿಂಗಳು ಇಟ್ಟರೂ ಮರಿ ಬರದು.

ಹಂತ 2: ತತ್ತಿ ಕೂಡಿಡುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ದಿನಕ್ಕೆ ಎರಡು ಸಲ ಗೂಡಿನಿಂದ ತತ್ತಿ ತೆಗೆಯಿರಿ. ಬಿಸಿಲುಗಾಲದಲ್ಲಿ ಮೂರು ಸಲ. ತೆಗೆದದ್ದನ್ನು ತಗಡಿನ ಮನೆಯೊಳಗೆ, ಒಲೆ ಪಕ್ಕ, ಕಿಟಕಿಯ ಬಿಸಿಲಿಗೆ ಇಡಬೇಡಿ. 13ರಿಂದ 18 ಡಿಗ್ರಿ ಇದ್ದರೆ ಒಂದು ವಾರ ತಡೆಯುತ್ತವೆ. ಸಾಮಾನ್ಯ ಫ್ರಿಜ್‌ನ 4–5 ಡಿಗ್ರಿ ಅತಿ ತಂಪು, ಅಲ್ಲಿಟ್ಟರೆ ಮರಿಯಾಗುವ ಗುಣ ಕೆಡುತ್ತದೆ.

ಬೇಸಿಗೆಯಲ್ಲಿ ಅಷ್ಟು ತಂಪು ಬಾರದಿದ್ದರೂ, ತತ್ತಿ ಕಾಯಲು ಕುಂಬಾರರ ಮಡಕೆ ನೆರವಾಗುತ್ತದೆ. ದೊಡ್ಡ ಮಡಕೆಯಲ್ಲಿ ಉಸುಕು ತುಂಬಿ, ನಡುವೆ ಸಣ್ಣ ಮಡಕೆ ಹುಗಿದು, ಸುತ್ತಲಿನ ಉಸುಕಿಗೆ ದಿನಾ ನೀರು ಹಾಕಿ ನೆರಳಲ್ಲಿಡಿ. ಒಳಮಡಕೆ ಒಣಗಿರಬೇಕು, ಅದರೊಳಗೆ ಹತ್ತಿಬಟ್ಟೆ ಹಾಸಿ ತತ್ತಿ ಇಡಬೇಕು. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ನೀರು ಬೇಗ ಆರುತ್ತದೆ, ಆರುವಾಗ ಮಡಕೆ ತಂಪಾಗುತ್ತದೆ. ಕರಾವಳಿಯ ಜಿಗುಟು ಸೆಖೆಯಲ್ಲಿ ಈ ಉಪಾಯ ಇಷ್ಟು ನಡೆಯುವುದಿಲ್ಲ. ಹಾಗಿದ್ದೂ ಬೇಸಿಗೆಯಲ್ಲಿ ನಾಲ್ಕು ದಿನ ದಾಟಿದ ತತ್ತಿ ಮರಿಗೆ ಬೇಡ, ಸಾರಿಗೆ ಹಾಕಿ.

ತತ್ತಿಯ ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ ಇರಲಿ. ತೊಳೆಯಬಾರದು. ಸಿಪ್ಪೆಯ ಮೇಲಿನ ತೆಳು ಲೇಪ ಹೋದರೆ ರೋಗಾಣು ಒಳಗೆ ನುಗ್ಗುತ್ತದೆ. ತೀರಾ ಸಣ್ಣದು, ತೀರಾ ಉದ್ದದ್ದು, ಹೇಲು ಮೆತ್ತಿದ್ದು, ಬಿರುಕು ಬಿಟ್ಟದ್ದು ತೆಗೆದುಬಿಡಿ. ಎರಡು ತತ್ತಿ ಕೈಯಲ್ಲಿ ಹಿಡಿದು ಮೆಲ್ಲಗೆ ತಾಗಿಸಿದರೆ ಬಿರುಕಿನದು ಸದ್ದಿನಲ್ಲೇ ಗೊತ್ತಾಗುತ್ತದೆ.

ಹಂತ 3: ಕಾವಿಗೆ ಕೋಳಿ ಇದ್ದರೆ ಯಂತ್ರದ ಹಂಗೇ ಬೇಡ

ಗೂಡು ಬಿಟ್ಟೇಳದೆ, ಮೈಗರಿ ಉಬ್ಬಿಸಿ, ಕೈ ಒಡ್ಡಿದರೆ ಕುಕ್ಕಲು ಬರುವ ಜವಾರಿ ಹ್ಯಾಟೆ ಕಾವಿಗೆ ಬಂದಿದೆ ಎಂದರ್ಥ. ಎರಡು ದಿನ ಹಾಗೇ ಬಿಟ್ಟು ಗಟ್ಟಿಯಾಗಿ ಕೂಡುವುದೋ ನೋಡಿ. ಬುಟ್ಟಿಯ ತಳಕ್ಕೆ ಉಸುಕು, ಅದರ ಮೇಲೆ ಒಣ ಭತ್ತದ ಹುಲ್ಲು, ನಡುವೆ ಸ್ವಲ್ಪ ಒಣಗಿದ ಬೇವಿನೆಲೆ. ಕೂಡಿಸುವ ಮುನ್ನ ಕೋಳಿಯ ರೆಕ್ಕೆ ಅಡಿ, ಬಾಲದ ಬುಡ ಬಿಡಿಸಿ ಹೇನು ಇದೆಯೋ ನೋಡಿ. ಹೇನು ಹತ್ತಿದ ಕೋಳಿ ನಡುವೆ ಎದ್ದು ಹೋಗುತ್ತದೆ. ತತ್ತಿ ಇಡುವುದು ರಾತ್ರಿ, ಹತ್ತು–ಹನ್ನೆರಡು ಸಾಕು. ಕೋಳಿಯ ಮೈ ಮುಚ್ಚದಷ್ಟು ಇಟ್ಟರೆ ಅಂಚಿನವು ಸರದಿಯಂತೆ ತಣ್ಣಗಾಗಿ ಎಲ್ಲಕ್ಕೂ ಪೆಟ್ಟು.

ದಿನಕ್ಕೊಮ್ಮೆ ಕೋಳಿ ಎದ್ದು ಜೋಳ ತಿಂದು, ನೀರು ಕುಡಿದು, ಬೂದಿ–ಮಣ್ಣಿನಲ್ಲಿ ಹೊರಳಾಡಿ ಹದಿನೈದಿಪ್ಪತ್ತು ನಿಮಿಷದಲ್ಲಿ ಮರಳುತ್ತದೆ. ಅದನ್ನು ತಡೆಯಬೇಡಿ. ತತ್ತಿ ಹೊರಳಿಸುವುದನ್ನೂ ಅದೇ ಮಾಡಿಕೊಳ್ಳುತ್ತದೆ. ನಿಮ್ಮ ಕೆಲಸ ಮುಂಗುಸಿ, ಬೆಕ್ಕು, ಹಾವು ಬರದಂತೆ ಜಾಗ ಭದ್ರ ಮಾಡುವುದಷ್ಟೇ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರದಂಥ ತಳಿಗಳು ತತ್ತಿ ಚೆನ್ನಾಗಿ ಇಟ್ಟರೂ ಕಾವಿಗೆ ಕೂಡುವುದರಲ್ಲಿ ಹಿಂದೆ. ಅವುಗಳ ತತ್ತಿಯನ್ನು ಜವಾರಿಯ ಅಡಿಗಿಡಬಹುದು. ದೊಡ್ಡ ತತ್ತಿಯಾದ್ದರಿಂದ ಎಂಟೊಂಬತ್ತಕ್ಕೆ ನಿಲ್ಲಿಸಿ.

ಹಂತ 4: ಥರ್ಮೋಕೋಲ್ ಪೆಟ್ಟಿಗೆ

ಕಾವಿನ ಕೋಳಿ ಸಿಗದಿದ್ದಾಗ ಇದು. ಮುಚ್ಚಳವಿರುವ ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಎರಡು ಬಲ್ಬ್ ಹೋಲ್ಡರ್, ಡಿಜಿಟಲ್ ಥರ್ಮೋಸ್ಟ್ಯಾಟ್, ಕಂಪ್ಯೂಟರಿನ ಸಣ್ಣ ಫ್ಯಾನು, ತೇವಾಂಶ ಮಾಪಕ, ತತ್ತಿ ಇಡಲು ಜಾಳಿಗೆ, ನೀರಿನ ತಟ್ಟೆ. ಬಲ್ಬು ಹಳೇ ತಂತಿಯದೇ ಆಗಬೇಕು. ಎಲ್‌ಇಡಿ ಬಲ್ಬಿನಿಂದ ತತ್ತಿಗೆ ಬೇಕಾದಷ್ಟು ಕಾವು ಹುಟ್ಟುವುದಿಲ್ಲ. ಒಂದೇ 100 ವ್ಯಾಟ್ ಬದಲು 40ರ ಎರಡು ಹಾಕಿ, ಒಂದು ಸುಟ್ಟರೂ ಇನ್ನೊಂದು ಇರುತ್ತದೆ. ಬಲ್ಬು ಥರ್ಮೋಕೋಲಿಗೆ ತಾಗಿದರೆ ಕರಗಿ ಹೊಗೆಯಾಡುತ್ತದೆ, ನಡುವೆ ತಗಡಿನ ತುಂಡು ಇರಲೇಬೇಕು. ಎರಡೂ ಬದಿಗೆ ಬೆರಳು ಹೋಗುವಷ್ಟು ತೂತು ಮಾಡಿ, ತತ್ತಿಗೂ ಉಸಿರು ಬೇಕು.

ಫ್ಯಾನು ಇದ್ದರೆ 37.5 ಡಿಗ್ರಿ. ಇಲ್ಲದಿದ್ದರೆ ತತ್ತಿಯ ಮೇಲ್ಮಟ್ಟದಲ್ಲಿ 38.5ರ ಆಸುಪಾಸು. ಅಗ್ಗದ ಮಾಪಕಗಳು ಒಂದೊಂದು ಡಿಗ್ರಿ ಸುಳ್ಳು ಹೇಳುತ್ತವೆ. ಮನೆಯ ಡಿಜಿಟಲ್ ಜ್ವರಮಾಪಕವನ್ನೂ ಥರ್ಮೋಸ್ಟ್ಯಾಟಿನ ತಂತಿಯ ತುದಿಯನ್ನೂ ಒಂದೇ ಉಗುರುಬೆಚ್ಚಗಿನ ನೀರಿಗದ್ದಿ ಹೋಲಿಸಿ. ಜ್ವರಮಾಪಕ ಫ್ಯಾರನ್‌ಹೀಟ್ ತೋರಿಸಿದರೆ 99.5 ಅಂದರೆ ನಮ್ಮ 37.5. ತತ್ತಿ ಇಡದೆ ಒಂದು ಹಗಲು, ಒಂದು ರಾತ್ರಿ ಪೆಟ್ಟಿಗೆ ಓಡಿಸಿ ನೋಡಿದ ಮೇಲೆಯೇ ತತ್ತಿ ಇಡಿ.

ಒಂದು ಎಚ್ಚರಿಕೆ. ಥರ್ಮೋಸ್ಟ್ಯಾಟ್ ಬಲ್ಬು ಆರಿಸಬಲ್ಲದು, ತಂಪು ಮಾಡಲಾರದು. ಮೇ ತಿಂಗಳಲ್ಲಿ ಕೋಣೆಯೇ 41 ಆದರೆ ಪೆಟ್ಟಿಗೆಯೂ 41, ತತ್ತಿ ಬೇಯುತ್ತದೆ. ಎರಡು ಡಿಗ್ರಿ ಇಳಿದರೆ ಮರಿ ತಡವಾದೀತು, ಎರಡು ಡಿಗ್ರಿ ಏರಿದರೆ ಸಾಯುತ್ತದೆ. ದಸರಾದಿಂದ ಶಿವರಾತ್ರಿವರೆಗೆ ಈ ಕೆಲಸಕ್ಕೆ ಒಳ್ಳೆ ಕಾಲ.

ಇನ್ನು ಕರೆಂಟು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ಕರೆಂಟು ಹೋಗುವುದೂ ನಮ್ಮಲ್ಲೇ. ಒಂದೆರಡು ಗಂಟೆಗೆ ಗಾಬರಿ ಬೇಡ, ಮುಚ್ಚಳ ತೆರೆಯದೆ ಮೇಲೊಂದು ಕಂಬಳಿ ಹೊದಿಸಿ. ಅದಕ್ಕೂ ಹೆಚ್ಚಾದರೆ ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಒಳಗಿಡಿ.

ಹಂತ 5: ಹೊರಳಿಸುವುದು, ನೀರು, ಬೆಳಕಿಗೆ ಹಿಡಿಯುವುದು

ಪ್ರತಿ ತತ್ತಿಗೆ ಒಂದು ಬದಿ ಪೆನ್ಸಿಲ್‌ನಿಂದ ಗುಣಾಕಾರ ಚಿಹ್ನೆ, ಇನ್ನೊಂದು ಬದಿ ಸೊನ್ನೆ ಬರೆಯಿರಿ. ದಿನಕ್ಕೆ ಮೂರು ಇಲ್ಲವೇ ಐದು ಸಲ ಹೊರಳಿಸಿ. ಬೆಸ ಸಂಖ್ಯೆ ಯಾಕೆಂದರೆ, ರಾತ್ರಿಯ ಉದ್ದದ ಹೊತ್ತಿನಲ್ಲಿ ದಿನಾ ಒಂದೇ ಬದಿ ಮೇಲಿರಬಾರದು. ತೇವಾಂಶ ಮೊದಲ 18 ದಿನ ನೂರಕ್ಕೆ 50–55. ಇಳಿದರೆ ಹೆಚ್ಚು ನೀರು ಸುರಿದು ಪ್ರಯೋಜನವಿಲ್ಲ, ಅಗಲದ ತಟ್ಟೆ ಇಡಿ.

ಏಳನೇ ದಿನ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ದಪ್ಪ ತುದಿಗೆ ಒತ್ತಿ ನೋಡಿ. ಜೇಡರ ಬಲೆಯಂತೆ ಕೆಂಪು ನರ ಹರಡಿದ್ದರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಹುಂಜ ತಾಗಿಲ್ಲ. ರಕ್ತದ ಉಂಗುರ ಮಾತ್ರ ಕಂಡರೆ ನಡುವೆ ಸತ್ತಿದೆ. ಇಂಥವನ್ನು ತೆಗೆಯಿರಿ, ಕೊಳೆತು ಒಡೆದರೆ ಉಳಿದವನ್ನೂ ಕೆಡಿಸುತ್ತವೆ.

ಹಂತ 6: ಕೊನೆಯ ಮೂರು ದಿನ

ಸೋಮವಾರ ಸಂಜೆ ಇಟ್ಟಿದ್ದರೆ ಮೂರು ವಾರ ಕಳೆದು ಬರುವ ಸೋಮವಾರ ಮರಿ. 18ನೇ ದಿನದಿಂದ ಹೊರಳಿಸುವುದು ಬಂದ್. ತೇವಾಂಶ 65–70ಕ್ಕೆ ಏರಿಸಿ, ಹಸಿ ಬಟ್ಟೆ ಇಟ್ಟರೂ ಆದೀತು. ಒಣಗಾಳಿ ಹೊಕ್ಕರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟುತ್ತದೆ, ಆದ್ದರಿಂದ ಮುಚ್ಚಳ ತೆರೆಯಬೇಡಿ. ಸಿಪ್ಪೆಯಲ್ಲಿ ತೂತು ಬಿದ್ದ ಮೇಲೆ ಹೊರಬರಲು 12ರಿಂದ 24 ಗಂಟೆ ಬೇಕು. ಮರಿ ಚಿಂವ್‌ಗುಟ್ಟುತ್ತದೆ, ನಿಲ್ಲುತ್ತದೆ, ಸತ್ತೇಹೋಯಿತು ಅನ್ನಿಸುತ್ತದೆ. ಅದು ಒಳಗಿನ ಹಳದಿಯನ್ನು ಹೊಟ್ಟೆಗೆಳೆದುಕೊಳ್ಳುವ ಹೊತ್ತು. ಕನಿಕರಪಟ್ಟು ಸಿಪ್ಪೆ ಸುಲಿದರೆ ರಕ್ತ ಒಸರುತ್ತದೆ. ಹುಟ್ಟಿದ ಮರಿ ಆ ಹಳದಿಯ ಬಲದಿಂದಲೇ ಎರಡು ದಿನ ಕಾಳು ನೀರಿಲ್ಲದೆ ಇರಬಲ್ಲದು. ಪೂರ್ತಿ ಒಣಗಿ ಉಬ್ಬಿದ ಮೇಲೆ ಹೊರಗೆ ತೆಗೆಯಿರಿ.

ಹಂತ 7: ಮರಿ

ಮರಿ ಇಡುವಲ್ಲಿ ಬಲ್ಬು ಹಾಕಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಇಳಿಸುತ್ತಾ ಬನ್ನಿ. ಭತ್ತದ ಹೊಟ್ಟು ಹಾಸಿ, ಮೊದಲೆರಡು ದಿನ ಅದರ ಮೇಲೆ ಕಾಗದ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಖೆ. ನೀರಿನ ತಟ್ಟೆಯಲ್ಲಿ ಹರಳುಕಲ್ಲು ಹಾಕದಿದ್ದರೆ ಮರಿ ಮುಳುಗುತ್ತವೆ. ಮನೆಯಲ್ಲಿ ಅದೇ ಹೊತ್ತಿಗೆ ಮರಿ ಮಾಡಿದ ಕೋಳಿ ಇದ್ದರೆ, ಪೆಟ್ಟಿಗೆಯ ಮರಿಗಳನ್ನು ರಾತ್ರಿ ಅದರ ರೆಕ್ಕೆಯಡಿ ಸೇರಿಸಿ. ಹೆಚ್ಚಿನ ಕೋಳಿಗಳು ಒಪ್ಪಿಕೊಳ್ಳುತ್ತವೆ.

ಕೊಕ್ಕರೆ ರೋಗ ಬಂದರೆ ಇಷ್ಟು ದಿನದ ಕೆಲಸ ಒಂದು ವಾರದಲ್ಲಿ ನೆಲಸಮ. 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, 28ನೇ ದಿನ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ನಡುವಿನ ಉಳಿದ ಲಸಿಕೆಗಳನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ. ಬಾಟಲಿ ಸಾಮಾನ್ಯವಾಗಿ 100 ಕೋಳಿಗಾಗುವಷ್ಟು ಇರುತ್ತದೆ, ಐಸಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗೆ ಒಂದು ಬಾಟಲಿ ಯಾಕೆ ಎಂದು ಬಿಡಬೇಡಿ. ಓಣಿಯಲ್ಲಿ ಕೋಳಿ ಸಾಕಿದ ನಾಲ್ಕು ಮನೆಯವರಿಗೆ ಹಿಂದಿನ ದಿನವೇ ಹೇಳಿ, ಎಲ್ಲರ ಮರಿಗೂ ಒಂದೇ ಬೆಳಿಗ್ಗೆ ಹಾಕಿಸಿ.