ಹಿತ್ತಲ ಗಿಡವೂ ಮದ್ದೇ

‘ಹಿತ್ತಲ ಗಿಡ ಮದ್ದಲ್ಲ’ ಅಂತ ಗಾದೆ ಇದೆ. ಹತ್ತಿರ ಇರುವುದರ ಬೆಲೆ ನಮಗೆ ಗೊತ್ತಾಗುವುದಿಲ್ಲ. ಅರಿಶಿನದ ಕಥೆಯೂ ಹಾಗೇ ಆಯಿತು.

ಅರಿಶಿನ, ಶುಂಠಿ, ಏಲಕ್ಕಿ, ಮಾವಿನಶುಂಠಿ. ಇವೆಲ್ಲ ಒಂದೇ ಕುಟುಂಬದ ಗಿಡಗಳು. ಇದಕ್ಕೆ ಶುಂಠಿ ಕುಟುಂಬ ಎಂದು ಹೆಸರು. ಇವುಗಳ ಎಲೆ ಉದ್ದ. ಎಲೆ ಉಜ್ಜಿದರೆ ಘಮ ಬರುತ್ತದೆ.

ಅರಿಶಿನದ ಕೊಂಬು ಬೇರು ಅಂತ ನಾವು ತಿಳಿದಿರುತ್ತೇವೆ. ಅದು ಬೇರಲ್ಲ, ನೆಲದೊಳಗೆ ಬೆಳೆಯುವ ಕಾಂಡ. ಅದರಲ್ಲಿ ಕಣ್ಣುಗಳಿರುತ್ತವೆ. ಕಣ್ಣಿರುವ ತುಂಡು ನೆಟ್ಟರೆ ಹೊಸ ಗಿಡ ಬರುತ್ತದೆ. ಶುಂಠಿಯೂ ಹಾಗೇ.

ಈ ಗಿಡಗಳು ಹೂವನ್ನೂ ಬಿಡುತ್ತವೆ. ಅರಿಶಿನದ ಹೂಗೊಂಚಲು ಎಲೆಗಳ ನಡುವೆ ಅಡಗಿರುತ್ತದೆ. ಏಲಕ್ಕಿ ಹೂವು ಗಿಡದ ಬುಡದಲ್ಲಿ, ನೆಲದ ಹತ್ತಿರ ಅರಳುತ್ತದೆ. ಜೇನುನೊಣ ಬಂದು ಕೂತರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಮಲೆನಾಡಿನ ಏಲಕ್ಕಿ ತೋಟಕ್ಕೆ ಜೇನು ಬೇಕೇ ಬೇಕು.

ಈಗ ಅರಿಶಿನದ ಕಥೆ ಕೇಳಿ. ಕೈ ಕೊಯ್ದುಕೊಂಡರೆ ನಮ್ಮ ಅಜ್ಜಿಯರು ಏನು ಹಚ್ಚುತ್ತಿದ್ದರು? ಅರಿಶಿನ ಪುಡಿ ತಾನೆ?

1995ರಲ್ಲಿ ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಇದರ ಮೇಲೆ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಹೊಸದನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕು. ಆ ದೇಶದಲ್ಲಿ ಅವರ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಅರಿಶಿನದಿಂದ ಗಾಯ ಮಾಯುತ್ತದೆ ಅನ್ನುವುದು ಹೊಸದೇ? ನಮ್ಮ ಮನೆಮನೆಗೂ ಗೊತ್ತಿದ್ದ ಮಾತು!

ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ‘ನಮ್ಮ ಅಜ್ಜಿ ಹೀಗೆ ಮಾಡುತ್ತಿದ್ದಳು’ ಅಂದರೆ ಅಲ್ಲಿ ಸಾಲುತ್ತಿರಲಿಲ್ಲ. ಬೇರೆ ದೇಶದ ಬಳಕೆಗೆ ಅಚ್ಚಾದ ಪುರಾವೆ ಬೇಕಿತ್ತು. ಮಂಡಳಿಯವರು ಹುಡುಕಿದರು. ಹಳೆಯ ಗ್ರಂಥ, 1953ರ ಒಂದು ವೈದ್ಯಕೀಯ ಪತ್ರಿಕೆ, ಹೀಗೆ 32 ದಾಖಲೆ ತೋರಿಸಿದರು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ನಾವು ಗೆದ್ದದ್ದು ಹೇಗೆ? ಯಾರೋ ಬರೆದಿಟ್ಟಿದ್ದರು, ಅದಕ್ಕೆ. ತಿಳಿದಿದ್ದರೆ ಸಾಲದು, ಬರೆದಿಡಬೇಕು.

ಬರೆಯುವುದು ದೊಡ್ಡವರ ಕೆಲಸ ಅಂತ ಸುಮ್ಮನಿರುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಅವುಗಳ ಉಪಯೋಗವನ್ನು ಆ ಸಮಿತಿ ಊರವರನ್ನು ಕೇಳಿ ದಾಖಲು ಮಾಡಬೇಕು. ನಮ್ಮ ಊರಿನ ದಾಖಲೆ ಆಗಿದೆಯಾ? ಹೋಗಿ ಕೇಳೋಣ. ಬೀಜ, ಬೇರು, ಸೊಪ್ಪು ಎಲ್ಲ ಬಲ್ಲವರು ಹೆಂಗಸರು. ನಮ್ಮ ಮಾತೂ ಅದರಲ್ಲಿ ಬರಲಿ.

ಇನ್ನೊಂದು ಮಾತು. ಸಣ್ಣ ಗೀರಿಗೆ ಅರಿಶಿನ ಸರಿ. ಗಾಯ ಆಳವಾದರೆ, ತುಕ್ಕು ಕಬ್ಬಿಣ ಚುಚ್ಚಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಹಸುಗೂಸಿನ ಹೊಕ್ಕುಳಿಗೆ ಏನನ್ನೂ ಹಚ್ಚಬಾರದು.

ಓದಿ, ಉತ್ತರ ಹೇಳಿ
1. ಶುಂಠಿ ಕುಟುಂಬದ ಮೂರು ಗಿಡಗಳು ಯಾವುವು?
2. ಅರಿಶಿನದ ಕೊಂಬು ಬೇರೋ, ಕಾಂಡವೋ?
3. ಪೇಟೆಂಟ್ ರದ್ದಾದದ್ದು ಯಾವುದರಿಂದ?

ಬರೆಯಿರಿ
ನಿಮ್ಮ ಹಿತ್ತಲಿನ ಒಂದು ಗಿಡದ ಹೆಸರು, ಅದರ ಉಪಯೋಗ, ನಿಮಗೆ ಹೇಳಿಕೊಟ್ಟವರ ಹೆಸರು. ಕೆಳಗೆ ನಿಮ್ಮ ಸಹಿ ಹಾಕಿ.