ಕ್ಯಾಂಪರ್‌ಗೆ ಎಷ್ಟು ದಪ್ಪದ ತಂತಿ ಬೇಕು?

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸುವ ಪುಟ್ಟ ಮನೆಗೆ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಅದರ ದೀಪ, ನೀರಿನ ಪಂಪುಗಳಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇರುತ್ತದೆ. ಗಾಡಿ ಓಡುವಾಗ ಆಲ್ಟರ್ನೇಟರ್ ಅದನ್ನು ಚಾರ್ಜ್ ಮಾಡಬೇಕು. ರೋಧದ ಪಾಠಕ್ಕೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಆಲ್ಟರ್ನೇಟರ್ 14.2 ವೋಲ್ಟ್ ಕೊಡುತ್ತದೆ ಎನ್ನೋಣ. ಹೋಗಿಬರುವ ತಾಮ್ರದ ತಂತಿ ಒಟ್ಟು 12 ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 2 ಚದರ ಮಿ.ಮೀ. ರೋಧ ಸುಮಾರು 0.1 ಓಮ್. 20 ಆಂಪಿಯರ್ ಹರಿದರೆ 2 ವೋಲ್ಟ್ ದಾರಿಯಲ್ಲೇ ಖರ್ಚು; ಉಳಿಯುವುದು 12.2. ಪೂರ್ತಿ ಚಾರ್ಜ್ ಆದ ಬ್ಯಾಟರಿಯೇ 12.6 ತೋರಿಸುವಾಗ ಇದು ಯಾವ ಮೂಲೆಗೆ? (ನಿಜದಲ್ಲಿ ಪ್ರವಾಹವೇ ಕುಗ್ಗಿ, ಚಾರ್ಜಿಂಗ್ ಆಮೆಯಂತೆ ಸಾಗುತ್ತದೆ.) 20 ಆಂಪಿಯರ್ ಹರಿದಷ್ಟು ಹೊತ್ತು ತಂತಿಯಲ್ಲಿ 40 ವ್ಯಾಟ್ ಶಾಖ ಬೇರೆ. 16 ಚದರ ಮಿ.ಮೀ. ತಂತಿಯಾದರೆ ನಷ್ಟ ಕಾಲು ವೋಲ್ಟ್ ಮಾತ್ರ.

ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ಇಲ್ಲಿ ತಂತಿಯ ಎರಡೂ ತುದಿಗೆ ಬ್ಯಾಟರಿ ಇರುವುದರಿಂದ ಎರಡರ ಪಕ್ಕದಲ್ಲೂ ಫ್ಯೂಸ್ ಬೇಕು. ಇಲ್ಲವಾದರೆ ತಂತಿ ಉಜ್ಜಿ ಚಾಸಿಗೆ ತಾಗಿದಾಗ ಬೆಂಕಿ ಹೊತ್ತಿಕೊಳ್ಳಬಹುದು. ಎಂಜಿನ್ ನಿಂತಾಗ ಎರಡೂ ಬ್ಯಾಟರಿಗಳನ್ನು ಬೇರ್ಪಡಿಸಲು ಒಂದು ರಿಲೇ ಇರಲಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ಲ! ಕ್ಯಾಂಪರ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ತಂತಿಯ ಬಣ್ಣವನ್ನು ನಂಬದೆ, ಪ್ರತಿಯೊಂದನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು.

10 ಚದರ ಮಿ.ಮೀ. ತಂತಿಗೆ ನಷ್ಟವೆಷ್ಟು? ಲೆಕ್ಕ ಮಾಡಿ ತನ್ನಿ.