ಮೊದಲು ತಿದಿ, ಆಮೇಲೆ ಕೊಳವೆ

ಮಗಳೇ, ನೀನು ಕಳಿಸಿದ ಪೈಪ್ ಆರ್ಗನ್ನಿನ ನಕ್ಷೆಯನ್ನು ಎರಡು ಸಲ ಬಿಡಿಸಿ ನೋಡಿದೆ. 200 ಜನ ಕೂರುವ ಚರ್ಚಿಗೆ 38 ಸ್ಟಾಪ್, 38 ಬಗೆಯ ದನಿ! ಬಾಖ್‌ನನ್ನೂ ನುಡಿಸಬೇಕು, ಫ್ರಾಂಕ್‌ನನ್ನೂ ನುಡಿಸಬೇಕು, ಮದುವೆಗೂ ಆಗಬೇಕು, ಮಣ್ಣು ಮಾಡುವ ದಿನಕ್ಕೂ ಒದಗಬೇಕು ಅನ್ನುವ ನಿನ್ನ ಆಸೆ ಒಳ್ಳೆಯದೇ. ಆದರೆ ತಿದಿಗೆ ಮೂಲೆಯಲ್ಲಿ ಬಿಟ್ಟ ಅಷ್ಟೇ ಅಷ್ಟು ಜಾಗ ನೋಡಿ ನನಗೆ ಸಂಕಟವಾಯಿತು.

ನಾನು ಕೆಲಸ ಕಲಿಯುತ್ತಿದ್ದಾಗ ನಾವು ಕಟ್ಟಿದ ಒಂದು ಪೈಪ್ ಆರ್ಗನ್ ಹೀಗೇ ಇತ್ತು. ಒಂದೊಂದೇ ಸ್ಟಾಪ್ ಎಳೆದರೆ ಬಲು ಚಂದ. ಕೊನೆಯ ಚರಣಕ್ಕೆ ಎಲ್ಲವನ್ನೂ ಎಳೆದು ಪೆಡಲಿಗೆ ಕಾಲಿಟ್ಟೊಡನೆ ಶ್ರುತಿ ಕೆಳಗೆ ಜಾರಿತು. ಹಾಡುತ್ತಿದ್ದ ಸಭೆ ತಡವರಿಸಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಊರಿನಲ್ಲಿ ಹಾರ್ಮೋನಿಯಂ ಒತ್ತುವ ಕೈ ಸೋತರೆ ಹಾಡೇ ಸೊರಗುವುದನ್ನು ನೀನೂ ಕಂಡವಳು.

1708ರಲ್ಲಿ, ಇನ್ನೂ 22ರ ಹುಡುಗ ಬಾಖ್, ಮ್ಯೂಲ್‌ಹೌಸನ್‌ನ ಸಂತ ಬ್ಲೇಸಿಯಸ್ ಚರ್ಚಿನ ಆರ್ಗನ್ ದುರಸ್ತಿಗೆ ಬರೆದುಕೊಟ್ಟ ಪಟ್ಟಿ ಓದು. ಮೊದಲ ಮಾತೇ ಗಾಳಿಯ ಕೊರತೆ. ಅದಕ್ಕೆ ಮೂರು ಹೊಸ ತಿದಿ ಬೇಕು ಅನ್ನುತ್ತಾನೆ. 32 ಅಡಿಯ ಮಂದ್ರ, ಗಂಟೆಗಳ ಸಾಲು ಎಲ್ಲ ಆಮೇಲೆ. ಮುಂದೆ ಬೇರೆಯವರ ಆರ್ಗನ್ ಪರೀಕ್ಷಿಸಲು ಹೋದಾಗಲೂ ಎಲ್ಲ ಸ್ಟಾಪ್ ಎಳೆದು ನುಡಿಸಿ, ಅದರ ಶ್ವಾಸ ಗಟ್ಟಿಯೇ ಎಂದು ಮೊದಲು ನೋಡುತ್ತಿದ್ದನಂತೆ.

18 ಸ್ಟಾಪಿಗೆ ಇಳಿಸು, ಸಾಕು. ಮೊದಲ ಕೀಲಿಮಣೆಗೆ 8, 4, 2 ಅಡಿಯ ಪ್ರಿನ್ಸಿಪಲ್‌ಗಳು, ಮೇಲೊಂದು ಮಿಕ್ಸ್‌ಚರ್. ಸಭೆಯ ಹಾಡನ್ನು ಹೊರುವುದು ಅವೇ. ಎರಡನೆಯದನ್ನು ಬಾಗಿಲು ತೆರೆದು ಮುಚ್ಚುವ ಪೆಟ್ಟಿಗೆಯೊಳಗೆ ಇಡು: ಕೊಳಲಿನ ದನಿ, ತಂತಿಯ ದನಿ, ಒಂದು ಓಬೋ. ಫ್ರಾಂಕ್‌ನ ಏರಿಳಿತ ಆ ಬಾಗಿಲಲ್ಲೇ ಸಿಗುತ್ತದೆ. ಪೆಡಲಿನ 16 ಅಡಿಗೆ ತುದಿ ಮುಚ್ಚಿದ ಮರದ ಕೊಳವೆ ಹಾಕು. ಮುಚ್ಚಿದ ಕೊಳವೆ ಒಂದು ಸಪ್ತಕ ಕೆಳಗೆ ನುಡಿಯುತ್ತದೆ, ಹಾಗಾಗಿ 8 ಅಡಿ ಉದ್ದ ಸಾಕು. ನಿನ್ನ ಗ್ಯಾಲರಿಯ ತಗ್ಗು ಮಾಡಿಗೂ ತಾಗದು. ಉಳಿದ ಜಾಗವನ್ನೂ ಹಣವನ್ನೂ ತಿದಿಗೆ ಕೊಡು.

ಕೊಳವೆಗಳ ದನಿ ತಿದ್ದುವುದನ್ನು ಕಾರ್ಖಾನೆಯಲ್ಲೇ ಮುಗಿಸಬೇಡ. ತವರ-ಸೀಸದ ಆ ಮೆತ್ತನೆಯ ತುಟಿಯನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿದರೂ ದನಿ ಬೇರೆಯಾಗುತ್ತದೆ. ಯಾರಾದರೂ ಕೀ ಒತ್ತಿ ಹಿಡಿದಿರಲಿ. ನೀನು ಕೊನೆಯ ಬೆಂಚಿನಲ್ಲಿ ಕೂತು ಕೇಳು, ಏಣಿ ಹತ್ತಿ ತಿದ್ದು, ಮತ್ತೆ ಬಂದು ಕೂತು ಕೇಳು. ಕಾಲು ನೋಯುತ್ತದೆ, ನೋಯಲಿ. ಶ್ರುತಿಯನ್ನು ಮಾತ್ರ ಆರಾಧನೆಯ ಹೊತ್ತಿನಲ್ಲಿ ಒಳಗೆ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗಿರುವಾಗ ಮಾಡು. ಬಿಸಿ ಏರಿದಂತೆ ಉಳಿದ ಕೊಳವೆಗಳ ಶ್ರುತಿ ಏರುತ್ತದೆ, ಓಬೋದಂಥ ರೀಡ್ ಕೊಳವೆಗಳದು ಅಷ್ಟಾಗಿ ಏರದು. ಎರಡೂ ಕೂಡಿ ನುಡಿದರೆ ಕಿವಿಗೆ ಮುಳ್ಳು.

ತಿದಿಯ ಚರ್ಮ ಎಂದಾದರೂ ಸವೆಯುತ್ತದೆ. ಬದಲಾಯಿಸಲು ಬರುವವರು ಒಳಗೆ ನುಸುಳುವಷ್ಟು ದಾರಿ ನಿನ್ನ ನಕ್ಷೆಯಲ್ಲಿ ಎಲ್ಲೂ ಕಾಣಲಿಲ್ಲ. ಅದನ್ನು ಬರೆದು ಕಳಿಸು, ನೋಡುತ್ತೇನೆ.